ಜಗುಲಿ ಕಂಬದ ಐದು ಗೀಟು

ನಮ್ಮ ಆಫೀಸು ತರಲಿದ್ದ ಪುಸ್ತಕಕ್ಕಾಗಿ ಟಿ. ನರಸೀಪುರದ ಹೊಳೆದಂಡೆಯಲ್ಲಿ ಮೀನು ಹಿಡಿಯುವವರ ಹಳೇ ಮನೆಗಳನ್ನು ಅಳೆದು ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮಣ್ಣಿನ ಗೋಡೆ, ನಾಡಹೆಂಚು, ಅಂಗಳದಲ್ಲಿ ಬೋರಲು ಹಾಕಿದ ಹರಿಗೋಲು. ಒಂದು ಮನೆಯ ಜಗುಲಿ ಕಂಬದಲ್ಲಿ ಒಂದರ ಮೇಲೊಂದು ಐದು ಗೀಟು ಕೆತ್ತಿದ್ದರು. ಪ್ರವಾಹದ ಗುರುತುಗಳೇ ಸಿಕ್ಕವು ಅಂತ ನನಗೆ ಖುಷಿಯೋ ಖುಷಿ. ಮೇಲಿನ ಗೀಟಿಗೆ ಟೇಪು ಹಿಡಿದು, 'ಗರಿಷ್ಠ ನೀರಿನ ಮಟ್ಟ: ನಾಲ್ಕೂವರೆ ಅಡಿ' ಎಂದು ಜೋರಾಗಿ ಹೇಳಿಕೊಂಡೇ ಬರೆದೆ.

ಮನೆಯ ಅಜ್ಜಿ ನಕ್ಕುಬಿಟ್ಟರು. "ಅಯ್ಯೋ, ಒಳೆ ಯಾವತ್ತೂ ಜಗ್ಲಿಗಂಟ ಬಂದಿಲ್ಲ ಕಣಪ್ಪ. ಅದು ನಮ್ಮೆಜಮಾನ್ರು ಇಡ್ದ ಬಾಳೆಮೀನಿನ ಉದ್ದ."

"ಐದು ಮೀನಾ?"

"ಒಂದೇ! ಹೇಳ್ದಂಗೆಲ್ಲ ಬೆಳೀತದೆ."

ಪಕ್ಕದಲ್ಲೇ ಬಲೆ ಹೆಣೆಯುತ್ತಿದ್ದ ಯಜಮಾನರು ತಲೆಯೆತ್ತದೆ, "ಮೇಲಿನ್ ಗೀಟೇ ಬರ್ಕೊಳಿ ಸಾ. ಪುಸ್ತಕ್ದಲ್ಲಿ ಬಂದ್ರೆ ಇವ್ಳೂ ನಂಬ್ತಾಳೆ" ಅಂದರು.

ಅವರ ಮಾತು ಮೀರಲಾಗದೆ 'ನೀರಿನ' ಅನ್ನುವುದನ್ನು ಹೊಡೆದು 'ಮೀನಿನ' ಎಂದು ಬರೆದು ಕಳಿಸಿದೆ. ಆಫೀಸಿನವರು ಅದನ್ನು ಕಾಗುಣಿತದ ತಪ್ಪು ಅಂತ ತಿದ್ದಿದರು. ಜಗುಲಿಗೇ ಬಾರದ ಹೊಳೆ ಈಗ ಪುಸ್ತಕದಲ್ಲಿ ನಾಲ್ಕೂವರೆ ಅಡಿ ನಿಂತಿದೆ.