ಅಕ್ಕನ ಬ್ರೈಲ್ ಪಟ್ಟಿ

ನಮ್ಮಕ್ಕನಿಗೆ ಕಣ್ಣು ಕಾಣುವುದಿಲ್ಲ. ಸವಳಂಗದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಲ್ಯಾಪ್‌ಟಾಪಿಗೆ ಬ್ರೈಲ್ ಪಟ್ಟಿ ಸಿಕ್ಕಿಸಿದರೆ ಪರದೆಯ ಸಾಲು ಅದರ ಮೇಲೆ ಸಣ್ಣ ಚುಕ್ಕೆಗಳಾಗಿ ಏಳುತ್ತಿತ್ತು, ಅವಳು ಬೆರಳಾಡಿಸಿ ಓದುತ್ತಿದ್ದಳು. ಯಾರಾದರೂ ಓದಿ ಹೇಳಲು ಹೋದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಪಟ್ಟಿಯನ್ನು ತಯಾರಿಸಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಹೊಸದರ ಬೆಲೆ ಕೇಳಿ ಸುಮ್ಮನಾಗಿದ್ದೆವು.

ಕಳೆದ ಬೇಸಿಗೆಯಲ್ಲಿ ಅವಳ ಲ್ಯಾಪ್‌ಟಾಪ್ ಕೆಟ್ಟಿತು. ಬೇರೊಂದಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಸಿ ಪಟ್ಟಿ ಸಿಕ್ಕಿಸಿದರೆ ಅದಕ್ಕೆ ಗುರುತೇ ಹತ್ತಲಿಲ್ಲ. ಜಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಾನು ಹೊನ್ನಾಳಿಯಲ್ಲಿ ಬಸ್ ಬದಲಿಸಿ ಅವಳ ಮನೆಗೆ ಹೋದೆ. ಸಿಕ್ಕಿಸಿದ್ದು ಏನೆಂದು ಯಂತ್ರ ತಾನೇ ಪತ್ತೆ ಹಚ್ಚಬೇಕಾದರೆ ಅದರ ಕರ್ನಲ್‌ನಲ್ಲಿ, ಅಂದರೆ ಎಲ್ಲಕ್ಕೂ ತಳದಲ್ಲಿ ಕೂತ ತಂತ್ರಾಂಶದಲ್ಲಿ, ಆ ಸಾಧನಕ್ಕೆ ಜಾಗ ಇರಬೇಕು. ಹಳೇ ಸಾಮಾನೆಂದು ಈ ಪಟ್ಟಿಯನ್ನು ಕೈಬಿಟ್ಟಿದ್ದರು. ಯಾವ ಪುಣ್ಯಾತ್ಮರೋ!

ಲಿನಕ್ಸಿನ ಕರ್ನಲ್ಲನ್ನು ಯಾರು ಬೇಕಾದರೂ ತಮಗೆ ಬೇಕಾದಂತೆ ಕಟ್ಟಿಕೊಳ್ಳಬಹುದು, ಹಾಗಾಗಿ ನಾವೇ ಕಟ್ಟಲು ಕೂತೆವು. ಒಂದೊಂದೇ ಸಾಧನ ಬೇಕೋ ಬೇಡವೋ ಎಂದು ಅದು ಕೇಳುತ್ತದೆ. ನಾನು ಹಾಜರಿ ಕೂಗಿದಂತೆ ಹೆಸರು ಕೂಗಿದೆ. ಬಾಗಿಲಿಗೆ ಬಂದವರನ್ನು ಉಣ್ಣದೆ ಹೋಗಗೊಡದ ಅಕ್ಕ ಆಟದ ಜಾಯ್‌ಸ್ಟಿಕ್, ರೇಡಿಯೊ, ಸ್ಕ್ಯಾನರ್ ಎಲ್ಲಕ್ಕೂ ಇರಲಿ ಬಿಡು ಪಾಪ ಎಂದಳು. ನನಗೂ ಬೇಡ ಎನ್ನುವ ಬಾಯಿ ಬರಲಿಲ್ಲ. ಅರ್ಧಕ್ಕೇ ಡಿಸ್ಕ್ ತುಂಬಿ ಕೆಲಸ ನಿಂತಿತು. ಇಬ್ಬರಿಗೂ ನಗು. ನಾನು ಆ ಸಲ ಅಲ್ಲಿದ್ದಾಗ ನಾವು ಕೊನೆಗೆ ನಕ್ಕದ್ದು ಅದೇ ಇರಬೇಕು.

ಮರುದಿನ ಬೇಡದ್ದನ್ನೆಲ್ಲ ತೆಗೆದು ಮತ್ತೆ ಕಟ್ಟಿದೆ. ಪಟ್ಟಿ ಸಿಕ್ಕಿಸಿದ ಕೂಡಲೇ ಪರದೆಯ ಮೇಲೆ ಅದರ ಹೆಸರು ಬಂತು, ಸಾಧನ ಸಿದ್ಧವಿದೆ ಎಂದೂ ಬಂತು. "ಸಿಕ್ತಕ್ಕ" ಎಂದೆ. ಅವಳು ಬೆರಳಿಟ್ಟಳು. ಒಂದು ಚುಕ್ಕೆಯೂ ಏಳಲಿಲ್ಲ.

ಕೇಬಲ್ ಬದಲಿಸಿದೆ, ಪಟ್ಟಿ ಬಿಚ್ಚಿ ನೋಡಿದೆ. ಚುಕ್ಕೆ ಎಬ್ಬಿಸುವ ಭಾಗವೇ ಸತ್ತಿತ್ತು. ಆ ಭಾಗ ಈಗ ಎಲ್ಲೂ ಸಿಗುವುದಿಲ್ಲ. ಗುರುತು ಹತ್ತದಿದ್ದಷ್ಟು ದಿನ ತಪ್ಪು ಕರ್ನಲ್‌ನದು ಎಂದುಕೊಂಡು ನಾನು ಏನಾದರೂ ಮಾಡಬಹುದಿತ್ತು. ಗುರುತು ಹತ್ತಿದ ಮೇಲೆ ಮಾಡಲು ಏನೂ ಉಳಿಯಲಿಲ್ಲ. ನನಗೆ ಅಳು ಬಂತು, ನಾನು ಅಳುವುದು ಅವಳಿಗೆ ಕಾಣುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ ಸದ್ದಿಲ್ಲದೆ ಅತ್ತೆ.

ಅಕ್ಕ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸುತ್ತಲೇ ಇದ್ದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ನಾಳೆ ಪಾಠ ಐತೆ ತಮ್ಮ. ಅದ್ರಾಗೆ ಏನ್ ಬರ್ದೈತೆ ಓದಿ ಹೇಳು."

ಓದಿ ಹೇಳಿದೆ. ಅವಳಿಗೆ ಸಿಟ್ಟು ಬರಲಿಲ್ಲ.