ಮಷಿನ್ನಿನ ಉಸಿರು, ನನ್ನ ಬೈಗುಳ

ಮೊನ್ನೆ ನಮ್ಮ ಓಣಿಯಲ್ಲಿ ಕರೆಂಟಿನ ತಂತಿಗೆ ತಾಗುತ್ತಿದ್ದ ಬೇವಿನ ಟೊಂಗೆ ಕೊಯ್ಯಲು ಇಬ್ಬರು ಬಂದಿದ್ದರು. ಕೊಯ್ಯುವ ಮಷಿನ್ನಿಗೆ ಪೆಟ್ರೋಲ್ ಹಾಕುವಾಗ ನಮ್ಮ ಕಟ್ಟೆಯ ಮೇಲೆ ಒಂದಿಷ್ಟು ಚೆಲ್ಲಿತು. ಬರೀ ಪೆಟ್ರೋಲಿನ ವಾಸನೆ ಬೇರೆ, ಆಯಿಲ್ ಬೆರೆಸಿದ ಪೆಟ್ರೋಲಿನ ವಾಸನೆ ಬೇರೆ. ಎರಡನೆಯದು ಸೀರೆಗೆ ಹತ್ತಿದರೆ ಎಷ್ಟು ಒಗೆದರೂ ಬಿಡುವುದಿಲ್ಲ. ಆ ವಾಸನೆಗೆ ರಾಣೆಬೆನ್ನೂರಿನ ಮಿಸ್ತ್ರಿ ನೆನಪಾದ. ಟೊಂಗೆ ಕೊಯ್ದು ಅವರು ಹೋದ ಮೇಲೂ ನಾನು ಕಟ್ಟೆಯಿಂದ ಏಳಲಿಲ್ಲ...

ಬ್ಯಾಡಗಿಯಲ್ಲಿ ನಮ್ಮದು ಕಟ್ಟಿಗೆ ಅಡ್ಡೆ ಇತ್ತು. ಗಂಡ ಸತ್ತ ಮೇಲೆ ನಾನೇ ನಡೆಸಿದೆ. ಮರ ಕೊಯ್ಯುವ ಮಷಿನ್ ಇದ್ದದ್ದು ಒಂದೇ. ಅದು ಕೆಟ್ಟರೆ ಅಡ್ಡೆ ಬಂದ್. ಒಮ್ಮೆ ಅದು ಶುರುವಾಗುವುದು, ಸ್ವಲ್ಪ ಹೊತ್ತು ಕೂಗುವುದು, ಸಾಯುವುದು. ಎಷ್ಟು ಹಗ್ಗ ಜಗ್ಗಿದರೂ ಅದೇ ಕಥೆ. ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಒಯ್ದೆ.

ಮಿಸ್ತ್ರಿಯ ಅಂಗಡಿ ಹಿಟ್ಟಿನ ಗಿರಣಿಗೆ ಹತ್ತಿಕೊಂಡಿತ್ತು. ನಡುವೆ ಒಂದೇ ಗೋಡೆ. ಗಿರಣಿ ತಿರುಗಿದರೆ ಮಿಸ್ತ್ರಿಯ ಟೇಬಲ್ ಮೇಲಿನ ನಟ್ಟು ಬೋಲ್ಟು ಕುಣಿಯುತ್ತಿದ್ದವು. ಅಲ್ಲಿ ಯಾರೇ ಆಗಲಿ ಕೂಗಿಯೇ ಮಾತಾಡಬೇಕು. ಆತ ಕಾರ್ಬೊರೇಟರ್ ಬಿಚ್ಚಿ, ಒಳಗಿನ ಪ್ಯಾಕಿಂಗ್ ಎತ್ತಿ ಹಿಡಿದು ನಕ್ಕ. ಹಳೆಯ ಪ್ಯಾಕಿಂಗ್ ಹರಿದಿತ್ತೆಂದು ನಮ್ಮ ಆಳು ಲಗ್ನಪತ್ರಿಕೆಯ ರಟ್ಟು ಕತ್ತರಿಸಿ ಹೊಸದು ಕೂರಿಸಿದ್ದ. ಒಂದು ಮೂಲೆಯಲ್ಲಿ ಗಣಪತಿಯ ಸೊಂಡಿಲು ಇನ್ನೂ ಕಾಣುತ್ತಿತ್ತು.

"ಅಕ್ಕಾರ, ಯಾರ ಲಗ್ನಾರೀ ಇದು? ಮಷಿನ್ನಿನ ಉಸುರ ಕಟ್ಟೈತಿ."

"ಲಗ್ನ ಅಂದ್ರ ಉಸುರ ಕಟ್ಟೂದ. ಏನಾಗೇತಿ ಅಷ್ಟ ಹೇಳ್ರಿ" ಎಂದೆ.

ಆತನಿಗೆ ಹೇಳುವುದೆಂದರೆ ಹುರುಪು. ತನ್ನಷ್ಟು ತಿಳಿದವನು ಹುಬ್ಬಳ್ಳಿತನಕ ಇಲ್ಲ ಎನ್ನುವ ಗತ್ತು ಬೇರೆ. "ಪೆಟ್ರೋಲ್ ಎತ್ತಾಕ ಇದರಾಗ ಬ್ಯಾರೇ ಮೋಟರ್ ಇಲ್ರಿ. ಪಿಸ್ಟನ್ ಮ್ಯಾಲ ಹೋದ್ರ ಕೆಳಗಿನ ಗೂಡು ಗಾಳಿ ಜಗ್ಗತೈತಿ, ಕೆಳಗ ಬಂದ್ರ ನೂಕತೈತಿ. ಆ ಉಸುರು ಈ ಸಣ್ಣ ತೂತಿನಾಗ ಹಾದು ಈ ಪೊರಿ ಬಡೀತೈತಿ. ಪೊರಿ ಕುಣದ್ರ ಪೆಟ್ರೋಲ್ ಏರತೈತಿ. ನಿಮ್ಮ ಆಳ ರಟ್ಟಿನಾಗ ಉಳಿದ ತೂತೆಲ್ಲಾ ಕೊರದಾನ, ಇದೊಂದ ಬಿಟ್ಟಾನ."

ಪೊರೆ ತೋರಿಸಿದ. ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳು. ಆಮೇಲೆ ಮಷಿನ್ ಎತ್ತಿ, ಆ ತೂತಿಗೆ ಕೆಳತುಟಿ ಹಚ್ಚಿ, ಹಗ್ಗ ಜಗ್ಗಿದ. ನನ್ನ ಬೆರಳನ್ನೂ ಇಡಿಸಿದ. ಎಳೆಗೂಸು ಊದಿದಂತೆ ಗಾಳಿ ತಾಗಿತು. ಅಷ್ಟು ದಿನ ಆ ಮಷಿನ್ನನ್ನು ಹೊತ್ತು ತಿರುಗಿದ್ದೆ. ಅದಕ್ಕೊಂದು ಉಸಿರಿದೆ ಎಂದು ಗೊತ್ತಾದದ್ದು ಅವತ್ತೇ.

ಆತನಿಗೆ ಕಿವಿ ಕೇಳುವುದಿಲ್ಲ ಎಂದು ತಿಳಿದದ್ದು ಮುಂದೆ ಒಮ್ಮೆ ಹೋದಾಗ. ಮಷಿನ್ನಿಗೆ ಉಸಿರು ಇದೆಯೋ ಇಲ್ಲವೋ ಎನ್ನುವುದನ್ನು ಆತನ ಕೆಳತುಟಿ ಹೇಳುತ್ತಿತ್ತು. ಆದರೆ ಮಷಿನ್ ಕೂಡಿಸಿದ ಮೇಲೆ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಸ್ಕ್ರೂ ತಿರುಗಿಸಬೇಕು. ಅದು ಕಿವಿಯ ಕೆಲಸ. ಪೆಟ್ರೋಲ್ ಕಡಿಮೆಯಾದರೆ ಮಷಿನ್ ಚೀರುತ್ತದೆ, ಹಾಗೇ ಬಿಟ್ಟರೆ ಸುಟ್ಟು ಹೋಗುತ್ತದೆ. ಹೆಚ್ಚಾದರೆ ಗೊರಗೊರ ಅನ್ನುತ್ತದೆ. ಕೈಯಿಟ್ಟು ನಡುಕ ನೋಡೋಣವೆಂದರೆ ಗಿರಣಿಯ ನಡುಕವೂ ಅದರೊಳಗೆ ಕೂಡಿರುತ್ತಿತ್ತು. ಅವತ್ತು ನನ್ನ ಮಷಿನ್ ಚೀರುತ್ತಿದ್ದರೂ ಆತ ತಲೆಯಾಡಿಸಿ ಸರಿಯಾಯಿತು ಎಂದ. ನಾನು ಎದುರಿಗೆ ಹೋಗಿ ನಿಂತೆ.

"ಏನ್ ಮಿಸ್ತ್ರಿ, ಹೆರಿಗಿ ಬ್ಯಾನಿ ಬಂದಂಗ ಚೀರಾಕತ್ತೈತಿ, ಸರಿ ಆತು ಅಂತೀರಲ್ಲ!"

ಆತ ನನ್ನ ಬಾಯಿಯನ್ನೇ ನೋಡಿ ಮಾತು ತಿಳಿದುಕೊಂಡ. ಸ್ಕ್ರೂ ಹಿಂದಕ್ಕೆ ತಿರುಗಿಸಿದ. ಈಗ ಹೇಗೆ ಎಂದು ಕಣ್ಣಲ್ಲೇ ಕೇಳಿದ.

ಮಷಿನ್ ಬಂದ್ ಮಾಡಿ, "ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ" ಎಂದ. "ಕಿವುಡ ಮಿಸ್ತ್ರಿ ಹಂತ್ಯಾಕ ಯಾರ ಬರ್ತಾರ?"

"ನಾ ಯಾಕ ಹೇಳಲಿ? ಮೊದಲ ನನ್ನ ಮಷಿನ್ ನೆಟ್ಟಗ ಮಾಡ್ರಿ."

ಆಮೇಲೆ ಸಂತೆಯ ದಿನ ರಾಣೆಬೆನ್ನೂರಿಗೆ ಹೋಗುವುದು, ಮಷಿನ್ ಕೆಟ್ಟಿರಲಿ ಬಿಡಲಿ, ಆ ಅಂಗಡಿಯಲ್ಲಿ ಕೂರುವುದು ರೂಢಿಯಾಯಿತು. ಸ್ಕ್ರೂ ತಿರುಗಿಸುವ ಕೆಲಸವನ್ನೆಲ್ಲ ಆತ ಆ ದಿನಕ್ಕೇ ಇಟ್ಟುಕೊಳ್ಳುತ್ತಿದ್ದ. ಯಾರ ಮಷಿನ್ ಕೂಗಿದರೂ ನಾನು ಬೈಯುತ್ತಿದ್ದೆ. "ಗೊರಕಿ ಹೊಡ್ಯಾಕತ್ತೈತಿ, ಎಬ್ಬಸ್ರಿ!" ಎಂದರೆ ಪೆಟ್ರೋಲ್ ಹೆಚ್ಚಾಗಿದೆ ಎಂದು ಅರ್ಥ. ಆತ ನನ್ನ ಬಾಯಿ ನೋಡುತ್ತ ಸ್ಕ್ರೂ ತಿರುಗಿಸುತ್ತಿದ್ದ. ಗಿರಾಕಿಗಳಿಗೆ ತಮಾಷೆ. ಒಬ್ಬ ಕೇಳಿಯೇಬಿಟ್ಟ, "ಮಿಸ್ತ್ರಿ, ಈಕಿ ನಿನ್ನ ಗಿರಾಕಿನೋ ಹೇಣ್ತಿನೋ?"

"ಹೇಣ್ತಿ ಇದ್ದಾಗ ಇಷ್ಟ ಬೈಸ್ಕೊಂಡಿಲ್ಲೋ ಮಾರಾಯಾ" ಎಂದ ಮಿಸ್ತ್ರಿ. ಆತನ ಹೆಂಡತಿ ತೀರಿಕೊಂಡಿದ್ದಳು. ನಾನು ಬೇರೆ ಕಡೆ ನೋಡಿದೆ...

ಹಾವೇರಿಯ ಒಬ್ಬ ಗುತ್ತಿಗೆದಾರ ಹೆದ್ದಾರಿ ಬದಿಯ ಮರ ಕೊಯ್ಯುವ ಕೆಲಸ ಹಿಡಿದಿದ್ದ. ಅವನ ಬಳಿ ಮಷಿನ್ನುಗಳ ರಾಶಿಯೇ ಇತ್ತು. ನೋಡೋಣವೆಂದು ಎರಡನ್ನು ತಂದ. ಅವು ಸರಿಯಾದರೆ ಉಳಿದವೂ ಇಲ್ಲಿಗೇ. ಚಿಲ್ಲರೆ ಕೆಲಸದಿಂದ ಬಾಡಿಗೆಯೂ ಹುಟ್ಟುತ್ತಿರಲಿಲ್ಲ, ಅಷ್ಟು ಕೆಲಸ ಸಿಕ್ಕರೆ ಮಿಸ್ತ್ರಿಯ ಅಂಗಡಿ ಉಳಿಯುತ್ತಿತ್ತು. ಇಲ್ಲದಿದ್ದರೆ ಆತ ಮಗಳ ಮನೆ ಸೇರಬೇಕು. ಅದು ಆತನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಂದು ಮಷಿನ್ ಮುಗಿದಿತ್ತು. ಎರಡನೆಯದರ ಪೊರೆ ಒರೆಸುತ್ತಿದ್ದಾಗ ಕರೆಂಟ್ ಹೋಯಿತು.

ಗಿರಣಿ ನಿಂತಿತು. ಆ ಅಂಗಡಿ ಅಷ್ಟು ಮೌನವಾದದ್ದನ್ನು ನಾನು ನೋಡಿರಲಿಲ್ಲ. ಬೀದಿಯ ಸೈಕಲ್ ಗಂಟೆಯೂ ಕೇಳುತ್ತಿತ್ತು.

ಗುತ್ತಿಗೆದಾರ ಹಿಂದಿನಿಂದ ಕೇಳಿದ, "ಮಿಸ್ತ್ರಿ, ಚಾ ತರಸ್ಲೇನ?"

ಮತ್ತೆ ಕೇಳಿದ. ನಾನು ನಡುವೆ ಬಾಯಿ ಹಾಕಿದೆ. "ಕೆಲಸದಾಗ ಅದಾರ, ಕಾಣಂಗಿಲ್ಲೇನ್ರಿ?" ಅವನು ನನ್ನನ್ನು ನೋಡಿದ. ಎದ್ದು ಹೋಗಿ ಮಿಸ್ತ್ರಿಯ ಕಿವಿಯ ಹಿಂದೆ ಜೋರಾಗಿ ಚಪ್ಪಾಳೆ ತಟ್ಟಿದ. ಮಿಸ್ತ್ರಿ ಪೊರೆ ಒರೆಸುತ್ತಲೇ ಇದ್ದ.

"ಹಂಗಾರ ಇಷ್ಟ ದಿನ ರಿಪೇರಿ ಮಾಡಿದ್ದು ನೀವ ಅನ್ರಿ, ಅವ್ವಾರ" ಎಂದು ಗುತ್ತಿಗೆದಾರ ನಕ್ಕ. ಕೆಟ್ಟವನೇನಲ್ಲ. ಆದರೆ ಎರಡೂ ಮಷಿನ್ ಜೀಪಿಗೆ ಹಾಕಿಸಿದ. ಮಿಸ್ತ್ರಿ ಬರಿದಾದ ಟೇಬಲ್ ನೋಡಿದ, ಆಮೇಲೆ ನನ್ನ ಬಾಯಿ ನೋಡಿದ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ...

ಸುದ್ದಿ ಹರಡಲು ತಡವಾಗಲಿಲ್ಲ. ಗಿರಾಕಿಗಳು ಕಡಿಮೆಯಾದರು. ಒಂದು ಸಂತೆಯ ದಿನ ಹೋದರೆ ಅಂಗಡಿಗೆ ಕೀಲಿ ಬಿದ್ದಿತ್ತು. ಮಗಳ ಊರು ಗಳಗನಾಥದ ಕಡೆ ಎಂದು ಗಿರಣಿಯವನು ಹೇಳಿದ. ನಾನು ಲಗೂನೆ ಹೋಗಲಿಲ್ಲ. ಏನೆಂದು ಹೋಗಲಿ? ಕಡೆಗೊಮ್ಮೆ ಹೋದೆ. ಆತ ಹೊಳೆ ಕಡೆ ಮುಖ ಮಾಡಿ ಕುಳಿತಿದ್ದ. ಎದುರಿಗೆ ಹೋಗಿ ಸುಮ್ಮನೆ ನಿಂತೆ.

"ಬೈರಿ ಅಕ್ಕಾರ" ಎಂದ. "ಹಿಂಗ ಸುಮ್ನ ನಿಂತ್ರ ನನಗೇನ್ ತಿಳೀತೈತಿ?"

ಬೈದೆ. "ಗಡ್ಡ ನೋಡ್ರಿ, ಕಂಟಿ ಬೆಳದಂಗ ಬೆಳದೈತಿ! ಹೇಳದ ಕೇಳದ ಬಂದೀರಿ, ನಾ ಬಿಸಲಾಗ ಬಂದು ಕೀಲಿ ನೋಡಿ ಹೋಗೇನಿ. ನಾಚಿಕಿ ಐತೇನ್ರಿ ನಿಮಗ?" ಆತ ನಗುತ್ತ ನನ್ನ ಬಾಯಿಯನ್ನೇ ನೋಡುತ್ತಿದ್ದ. ಬೈದು ಬೈದು ಗಂಟಲು ಒಣಗಿ ನಿಲ್ಲಿಸಿದೆ.

"ಇನ್ನ ಸ್ವಲ್ಪ" ಎಂದ.

ಬಸ್ಸಿನ ಹೊತ್ತಾಗಿತ್ತು. ಮತ್ತೆ ಬರುತ್ತೇನೆ ಎಂದು ಎದ್ದೆ. ಮತ್ತೆ ಹೋಗುವುದರೊಳಗೆ ಆತ ತೀರಿಹೋಗಿದ್ದ. ನನಗೆ ಹೇಳಿ ಕಳಿಸಲು ನಾನು ಮಗಳ ಮನೆಯವರಿಗೆ ಏನೂ ಆಗಬೇಕಾಗಿರಲಿಲ್ಲ.

ಈಗ ಅಡ್ಡೆ ಇಲ್ಲ. ಹಳೆಯ ಮಷಿನ್ನನ್ನು ಗುಜರಿಗೆ ಕೊಟ್ಟೆವು. ವಯಸ್ಸಾದ ಮೇಲೆ ಅತ್ತೆ ತಣ್ಣಗಾಗಿದ್ದಾಳೆ, ಯಾರಿಗೂ ಒಂದು ಮಾತು ಅನ್ನುವುದಿಲ್ಲ ಎಂದು ಸೊಸೆ ಬಂದವರ ಮುಂದೆ ಹೊಗಳುತ್ತಾಳೆ. ತಣ್ಣಗಾಗಿಲ್ಲ. ಈ ಮನೆಯಲ್ಲಿ ಎಲ್ಲರ ಕಿವಿಯೂ ನೆಟ್ಟಗಿದೆ. ಬೈದರೆ ಎದ್ದು ಒಳಗೆ ಹೋಗುತ್ತಾರೆ.