ಮೀಟರ್ ಯಾವಾಗ ಕೂಗಿತು

ಆ ದಿನ ಮೂರು ಸದ್ದು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಮಾವಿನ ಮರ ಮುರಿದು ಬಿದ್ದದ್ದು, ನನ್ನ ಕೈಯಲ್ಲಿದ್ದ ಮೀಟರ್ ಕೂಗಿದ್ದು, ಕತ್ತಿ ಮೂಳೆಗೆ ತಾಗಿದ್ದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮಾತ್ರ ಖಚಿತವಿಲ್ಲ. ಕೋರ್ಟಿನಲ್ಲಿ ಪ್ರಮಾಣ ಮಾಡಿ ಒಂದು ಕ್ರಮ ಹೇಳಿದ್ದೇನೆ. ಹೇಳುವಾಗ ಎಳ್ಳಷ್ಟೂ ಅನುಮಾನವಿರಲಿಲ್ಲ. ದೇವರು, ಜಾತಕ, ಪತ್ರಿಕೆಯ ಸುದ್ದಿ ಎಲ್ಲವನ್ನೂ ಅನುಮಾನಿಸುತ್ತ ಬಂದವನು ನಾನು. ನನ್ನ ನೆನಪನ್ನು ಅನುಮಾನಿಸಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಕೊರೊನಾಕ್ಕೆ ಹಿಂದಿನ ಬೇಸಿಗೆ ಅದು. ಕೊಪ್ಪದಲ್ಲಿ ನಾನು ಡಿಶ್ ಅಂಗಡಿ ಇಟ್ಟು ಆರನೇ ವರ್ಷ ನಡೆಯುತ್ತಿತ್ತು. ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ ಎರಡು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಅದೇ ಪಾಠವನ್ನು ಮೂರನೇ ವರ್ಷ ಹೇಳುವ ಹೊತ್ತಿಗೆ ಕೂತಲ್ಲಿ ಕೂರಲಾಗದೆ ಬಿಟ್ಟುಬಂದೆ. ಆಮೇಲೆ ಶೃಂಗೇರಿಯಿಂದ ನರಸಿಂಹರಾಜಪುರದವರೆಗೆ ಬೈಕಿನ ಹಿಂದೆ ಡಿಶ್ ಕಟ್ಟಿಕೊಂಡು ತಿರುಗುವುದೇ ಉದ್ಯೋಗವಾಯಿತು. ಚಾನೆಲ್‌ಗೊಂದು ದರ ಎಂಬ ನಿಯಮ ಬಂದ ಮೇಲೆ ತಿಂಗಳ ಚಂದಾ ಬೇಡವೆಂದು ಫ್ರೀ ಡಿಶ್ ಕೇಳುವವರು ದಿನಕ್ಕಿಬ್ಬರಾದರೂ ಬರುತ್ತಿದ್ದರು. ಫ್ರೀ ಡಿಶ್ ಎಂದರೆ ಉಪಗ್ರಹದಿಂದ ಬೀಗವಿಲ್ಲದೆ ಬರುವ ಚಾನೆಲ್‌ಗಳು. ಡಿಶ್ಶು, ಬಾಕ್ಸು ಒಮ್ಮೆ ಕೊಂಡರೆ ಮುಗಿಯಿತು.

ಕೆಲಸ ನೋಡಲು ಸುಲಭ. ಡಿಶ್ಶಿನ ಮುಂದೆ ಚಾಚಿದ ಕೋಲಿನ ತುದಿಯಲ್ಲಿ ಎಲ್‌ಎನ್‌ಬಿ ಎಂಬ ಪುಟ್ಟ ಡಬ್ಬಿ ಇರುತ್ತದೆ. ಡಿಶ್ಶು ಒಟ್ಟುಮಾಡಿದ ಸಿಗ್ನಲ್ಲನ್ನು ಹಿಡಿಯುವುದು ಅದು. ಅದಕ್ಕೂ ಬಾಕ್ಸಿಗೂ ನಡುವೆ ಸ್ಯಾಟ್ ಫೈಂಡರ್ ಎಂಬ ಅಂಗೈಯಗಲದ ಮೀಟರ್ ಸಿಕ್ಕಿಸಿ, ಡಿಶ್ಶನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತೇವೆ. ಸಿಗ್ನಲ್ ಸಿಕ್ಕಿದರೆ ಮುಳ್ಳು ಏರುತ್ತದೆ, ಮೀಟರ್ ಕೂಗುತ್ತದೆ. ಸಿಕ್ಕಿದ ಮೇಲೆ ಬಿಚ್ಚುವವರೆಗೂ ಕೂಗುತ್ತಲೇ ಇರುತ್ತದೆ. ಮುಳ್ಳು ಎಲ್ಲಿಗೆ ಏರಿತೆಂದು ನಾನು ಪ್ರತಿ ಮನೆಯಲ್ಲೂ ಫೋಟೊ ತೆಗೆದಿಡುತ್ತಿದ್ದೆ. ಮಳೆಗಾಲದಲ್ಲಿ ಚಿತ್ರ ಒಡೆಯುತ್ತದೆಂದು ದೂರು ಬಂದಾಗ ಹೋಲಿಸಿ ನೋಡಲು ಅದು ಬೇಕಾಗುತ್ತಿತ್ತು.

ನಮ್ಮ ಕಸುಬಿನವರಲ್ಲಿ ಒಂದು ರೂಢಿಯಿದೆ. ಎಷ್ಟು ತಿಪ್ಪರಲಾಗ ಹಾಕಿದರೂ ಸಿಗ್ನಲ್ ಸಿಗದಿದ್ದರೆ, ಕೆಳಗೆ ಮನೆಯವರು ಕತ್ತೆತ್ತಿ ನೋಡುತ್ತ ನಿಂತಿದ್ದರೆ, ಸುತ್ತ ಕಣ್ಣಾಡಿಸಿ "ಆ ಮರ ಅಡ್ಡ ಬರ್ತದೆ" ಎಂದುಬಿಡುವುದು. ನಮ್ಮ ಮೂರು ತಾಲ್ಲೂಕಿನಲ್ಲಿ ಮರವಿಲ್ಲದ ಮನೆ ಎಲ್ಲಿದೆ? ಮನೆಯವರು ಮರ ನೋಡಿಕೊಂಡು ತಲೆಯಾಡಿಸುತ್ತಾರೆ. ಅಷ್ಟರಲ್ಲಿ ನಮಗೆ ಅರ್ಧ ಗಂಟೆ ಸಿಗುತ್ತದೆ, ನಿಜವಾದ ದೋಷ ಕೈಗೆ ಸಿಗುತ್ತದೆ. ಬಹಳವೆಂದರೆ ಒಂದು ಕೊಂಬೆ ಸವರುತ್ತಾರೆ. ಅದರಿಂದ ಯಾರಿಗೂ ತೊಂದರೆಯಿಲ್ಲವೆಂದು ನಾನೂ ತಿಳಿದಿದ್ದೆ.

ಕಡಹಿನಬೈಲಿನ ಆಚೆ ಮಂಜಪ್ಪಗೌಡರ ಮನೆಗೆ ಹೋದಾಗ ಬೆಳಗಿನ ಹತ್ತು ಗಂಟೆ ಇರಬಹುದು. ಅವರಿಗೆ ಐವತ್ತೈದರ ವಯಸ್ಸು, ಟೆಂಪೊ ಓಡಿಸುತ್ತಿದ್ದರು, ಒಂದಿಷ್ಟು ಗದ್ದೆಯೂ ಇತ್ತು. ಎರಡು ವರ್ಷದ ಹಿಂದೆ ತಮ್ಮ ಉಮೇಶನಿಗೂ ಅವರಿಗೂ ಪಾಲಾಗಿತ್ತು. ಹಳೆಯ ಮನೆ, ಅದರೊಳಗಿನ ಟಿವಿ ಉಮೇಶನಿಗೆ ಹೋದವು. ಮಂಜಪ್ಪಗೌಡರು ಐವತ್ತು ಅಡಿ ಆಚೆ ಹೊಸದಾಗಿ ತಾರಸಿ ಮನೆ ಕಟ್ಟಿಕೊಂಡರು. ಎರಡು ಮನೆಗೂ ನಡುವೆ ಒಂದು ಬೇಲಿ, ಬೇಲಿಯ ಆಚೆ ಬದಿಯಲ್ಲಿ ಉಮೇಶನ ಪಾಲಿಗೆ ಬಂದ ಮಿಡಿಮಾವಿನ ಮರ.

ಮಿಡಿಮಾವು ಅಂದರೆ ಸಾಧಾರಣ ಮಾವಲ್ಲ. ಅದರದು ಜೀರಿಗೆ ವಾಸನೆಯ ಮಿಡಿ, ಉಪ್ಪಿನಕಾಯಿ ಹಾಕಿದರೆ ನಾಲ್ಕು ವರ್ಷ ಕೆಡುವುದಿಲ್ಲ. ಅಂಥ ಮರ ಯಾರ ಪಾಲಿಗೆ ಬಂದರೂ ಮೊದಲ ಕೊಯ್ಲಿನ ಒಂದು ಬುಟ್ಟಿ ಉಳಿದ ಪಾಲಿನವರ ಮನೆಗೆ ಹೋಗಬೇಕು. ಕಾಗದದಲ್ಲಿ ಬರೆಯದಿದ್ದರೂ ಎಲ್ಲ ಮನೆಗಳಲ್ಲೂ ನಡೆಯುವ ಪದ್ಧತಿ ಅದು. ಎರಡು ವರ್ಷವೂ ಉಮೇಶ ಬುಟ್ಟಿ ಕಳಿಸಿರಲಿಲ್ಲ. ಏಣಿ ಹಿಡಿದು ನಿಂತ ಮಂಜಪ್ಪಗೌಡರು ನನಗೆ ಹೇಳಿದ ಮೊದಲ ಸಂಗತಿಯೇ ಇದು.

"ನಮ್ಮವಳು ಧಾರಾವಾಹಿ ನೋಡಕ್ಕೆ ಅವನ ಜಗಲಿಗೆ ಹೋಗಿದ್ಲು ಸರ್. ಎದುರಿಗೇ ಟಿವಿ ಆಫ್ ಮಾಡಿದನಂತೆ. ಇವತ್ತು ಸಂಜೆ ಒಳಗೆ ನಮ್ಮನೇಲಿ ಟಿವಿ ಹಾಡ್ಬೇಕು. ಜೋರಾಗಿ ಇಡ್ತೀನಿ, ಅವನಿಗೆ ಕೇಳ್ಬೇಕು."

ಒಂದೂವರೆ ಗಂಟೆ ತಿರುಗಿಸಿದೆ. ಮುಳ್ಳು ಅಲುಗಲಿಲ್ಲ. ಬಿಸಿಲಿಗೆ ತಾರಸಿ ಕಾದು ಹಂಚಾಗಿತ್ತು. ಕೆಳಗಿಂದ ಮಂಜಪ್ಪಗೌಡರು ಐದು ನಿಮಿಷಕ್ಕೊಮ್ಮೆ ಕೂಗುತ್ತಿದ್ದರು. "ಎಂತದಾ ಮಾರಾಯ್ರೇ, ಎಂ.ಎಸ್‌ಸಿ. ಮಾಡಿದವರು ಅಂತ ಕರೆಸಿದ್ರೆ ನೀವೂ ಹಿಂಗೇ ಗರಗರ ತಿರುಗಿಸ್ತೀರಲ್ಲ!"

ಆ ಮಾತು ಚುಚ್ಚಿತು. ಕತ್ತೆತ್ತಿದೆ. ಎದುರಿಗೆ ಮಿಡಿಮಾವು ಕಂಡಿತು.

"ಆ ಮರ ಅಡ್ಡ ಬರ್ತದೆ" ಎಂದೆ.

ಕಡಿಯಿರಿ ಎಂದು ನಾನು ಹೇಳಲಿಲ್ಲ. ಹೇಳಲಿಲ್ಲವೆಂದೇ ನನ್ನ ನೆನಪು. ಅವರು ಮರವನ್ನು ಒಂದು ಗಳಿಗೆ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಹುಡುಕುತ್ತಿದ್ದ ವಸ್ತು ಸಿಕ್ಕಿದಂತೆ ಇತ್ತು. ಒಳಗೆ ಹೋಗಿ ಕೊಡಲಿ ತಂದರು, ಬುಡದ ಮುಳ್ಳುಗಿಡ ಸವರಲು ಕತ್ತಿಯನ್ನೂ ತಂದರು. ಬೇಲಿ ಹಾರಿ, ಅಂಗಿ ಬಿಚ್ಚಿ ಗೂಟಕ್ಕೆ ಸಿಕ್ಕಿಸಿ, ಮೊದಲ ಏಟು ಹಾಕಿದರು. ಮರ ಬುಡದಿಂದ ತುದಿಯವರೆಗೆ ನಡುಗಿ ಹಿಡಿಗಾತ್ರದ ಗೊಂಚಲುಗಳು ಉದುರಿದವು.

ಉಮೇಶನ ಹೆಂಡತಿ ಲಲಿತ ಓಡಿ ಬಂದಳು. "ಬಾವ, ಎಂತ ಮಾಡ್ತಿದೀರಿ? ಕಾಯಿ ಹಿಡಿದಿರೋ ಮರ ಅದು!" ಎಂದು ಕೊಡಲಿಯ ಕಾವಿಗೆ ಕೈ ಹಾಕಿದಳು. ಮಂಜಪ್ಪಗೌಡರು ಮೊಣಕೈಯಲ್ಲಿ ತಿವಿದರು. ಅವಳು ಮುಖ ಅಡಿಯಾಗಿ ಬಿದ್ದಳು, ತುಟಿ ಒಡೆಯಿತು. ಎದ್ದು, ಬಾಯಿಯ ರಕ್ತ ಸೆರಗಿಗೆ ಒರೆಸಿಕೊಳ್ಳುತ್ತಲೇ ಗಂಡನಿಗೆ ಫೋನ್ ಮಾಡಿದಳು. ನಾನು ತಾರಸಿಯಿಂದ "ಗೌಡ್ರೇ, ಕೊಂಬೆ ಸವರಿದ್ರೆ ಸಾಕು" ಎಂದು ಕೂಗಿದೆ. ಅವರು ತಿರುಗಿ ನೋಡಲಿಲ್ಲ. ನಾನು ಇಳಿಯಲೂ ಇಲ್ಲ. ಹೆದರಿದ್ದೆ. ಕೈ ಸುಮ್ಮನಿರಲಾರದೆ ಎಲ್‌ಎನ್‌ಬಿಯ ವೈರು ಬಿಚ್ಚಿ ನೋಡಿದೆ. ಕನೆಕ್ಟರಿನೊಳಗೆ ತಾಮ್ರದ ಎಳೆ ಗಿಡ್ಡವಾಗಿ ತಾಗುತ್ತಿರಲಿಲ್ಲ. ಅದನ್ನು ಸುಲಿದು ಮತ್ತೆ ಹಾಕಿದೆ.

ಇಲ್ಲಿಂದ ಮುಂದೆ ನನ್ನ ನೆನಪನ್ನು ಹೇಗೆ ಇತ್ತೋ ಹಾಗೆ ಬರೆಯುತ್ತೇನೆ. ಮರ ಲಟಲಟ ಎಂದು ಬೇಲಿಯ ಮೇಲೆ ಒರಗಿ ಬಿತ್ತು. ಮೀಟರ್ ಕೂಗಿತು. ಬಗ್ಗಿ ಮುಳ್ಳು ನೋಡಿದೆ. ಕೆಳಗೆ "ಅಯ್ಯೋ" ಎಂಬ ಕೂಗು ಕೇಳಿ ತಿರುಗಿದೆ. ಉಮೇಶ ಯಾವಾಗ ಬಂದನೋ ನೋಡಿರಲಿಲ್ಲ, ಅವನ ಕೈಯಲ್ಲಿ ಕತ್ತಿಯಿತ್ತು. ಅವನ ಎಡ ಭುಜ ಜೋತುಬಿದ್ದಿತ್ತು. ಮಂಜಪ್ಪಗೌಡರು ಅಡ್ಡ ಹಿಡಿದ ಬಲಗೈ ಮೇಲೆ ಕತ್ತಿ ಎರಡನೇ ಸಲ ಇಳಿಯಿತು. ಆ ಸದ್ದು ಹಸಿ ಕಟ್ಟಿಗೆಯದಲ್ಲ, ಒಣ ಕಟ್ಟಿಗೆಯದೂ ಅಲ್ಲ. ಎರಡು ಬೆರಳು ಮಿಡಿಗಳ ನಡುವೆ ಬಿದ್ದವು. ಉಮೇಶ ಮೂರನೇ ಸಲ ಕತ್ತಿ ಎತ್ತಿದಾಗ ಲಲಿತ ಹಿಂದಿನಿಂದ ಅವನ ಸೊಂಟ ಹಿಡಿದು ನೆಲಕ್ಕೆ ಕೆಡವಿದಳು. "ಸಾಕು, ಸಾಕು ಕಣಾ, ಸತ್ತುಹೋಗ್ತಾರೆ!"

ಏಣಿಯ ಅರ್ಧದಿಂದ ಹಾರಿದೆ. ಜೇಬಿನಲ್ಲಿದ್ದ ಫೋನ್ ಕಲ್ಲಿಗೆ ಬಡಿದು ಒಡೆಯಿತು. ರಕ್ತ ಬುಗ್ಗೆಯಂತೆ ಬರುತ್ತಿತ್ತು. ಬಟ್ಟೆ ಹುಡುಕುವಷ್ಟು ಹೊತ್ತಿರಲಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕೇಬಲ್ ತುಂಡಿನಿಂದ ಮೊಣಕೈ ಮೇಲೆ ಬಿಗಿದು ಕಟ್ಟಿ, ಕಟಿಂಗ್ ಪ್ಲೇಯರ್ ಸಿಕ್ಕಿಸಿ ತಿರುಚಿದೆ. ಮಂಜಪ್ಪಗೌಡರ ಟೆಂಪೊದಲ್ಲೇ ಅವರನ್ನು ಮಲಗಿಸಿ ನರಸಿಂಹರಾಜಪುರಕ್ಕೆ ಓಡಿಸಿದೆ. ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರು. ಜೀವ ಉಳಿಯಿತು, ಬೆರಳು ಉಳಿಯಲಿಲ್ಲ. ಉಮೇಶನ ತೋಳಿನ ಮೂಳೆ ಮುರಿದಿತ್ತು, ಕೊಡಲಿಯ ಹಿಂಬದಿ ತಾಗಿ. ಮರುದಿನ ಮಂಜಪ್ಪಗೌಡರ ಕಡೆಯವರು ನಾಲ್ವರು ಬಂದು ಉಮೇಶನ ಹಂಚು ಪುಡಿ ಮಾಡಿ, ಕೊಟ್ಟಿಗೆಯ ಎತ್ತಿನ ಕಾಲಿಗೆ ಕಲ್ಲು ಹಾಕಿದರು. ಅದರ ಮರುದಿನ ನಾನು ಕೂರಿಸಿದ್ದ ಡಿಶ್ಶು ಯಾರದೋ ಏಟಿಗೆ ಮಡಚಿಹೋಗಿತ್ತು. ಆ ಮನೆಯಲ್ಲಿ ಟಿವಿ ಹಾಡಲೇ ಇಲ್ಲ.

ಮಾರಕಾಯುಧದಿಂದ ತೀವ್ರ ಗಾಯ ಮಾಡಿದ ಮೊಕದ್ದಮೆ ಉಮೇಶನ ಮೇಲಾಯಿತು. ಅಲ್ಲಿದ್ದ ಹೊರಗಿನವನು ನಾನೊಬ್ಬನೇ. ಉಮೇಶನ ವಾದ ಒಂದೇ ಇತ್ತು: "ನಾನು ಬರಿಗೈಲಿ ಬಂದೆ. ಮರ ಇನ್ನೂ ನಿಂತಿತ್ತು. ತಾರಸಿ ಮೇಲೆ ಮೀಟರ್ ಕೂಗೋದು ಕೇಳ್ತು. 'ಅಣ್ಣಯ್ಯ, ಸಿಗ್ನಲ್ ಬಂತು, ಇನ್ನು ಎಂತಕ್ಕೆ ಕಡೀತಿ, ಬಿಡು' ಅಂದೆ. ಅವನು ಬಿಡಲಿಲ್ಲ, ಮರ ಬೀಳಿಸಿದ. ನಾನು ಕೈ ಹಿಡಿದಾಗ ಕೊಡಲಿ ಬೀಸಿದ. ಭುಜ ಮುರೀತು. ಆಮೇಲೆ ಅವನದೇ ಕತ್ತಿ ಎತ್ತಿಕೊಂಡೆ."

ಮಂಜಪ್ಪಗೌಡರು ಇದು ಹಸಿ ಸುಳ್ಳೆಂದರು. ಕತ್ತಿ ಮೊದಲು ಬಂತು, ಏಟು ತಪ್ಪಿಸಿಕೊಳ್ಳಲು ಕೊಡಲಿ ಎತ್ತಿದೆ ಎಂದರು. ಯಾರು ಮೊದಲು ಬೀಸಿದರೆಂದು ನಾನು ನೋಡಿರಲಿಲ್ಲ. ಹಾಗಾಗಿ ಉಮೇಶನ ಮಾತು ನಿಜವೇ ಅಲ್ಲವೇ ಎಂದು ತೂಗಿ ನೋಡಲು ಉಳಿದದ್ದು ಮೀಟರ್ ಒಂದೇ. ಅವನ ವಕೀಲರು ನನ್ನನ್ನು ಕೇಳಿದರು:

"ಮೀಟರ್ ಕೂಗಿದಾಗ ಮರ ನಿಂತಿತ್ತೋ, ಬಿದ್ದಿತ್ತೋ?"

"ಬಿದ್ದಿತ್ತು. ಮರ ಬಿದ್ದ ಮೇಲೇ ಕೂಗಿತು."

"ಅನುಮಾನ ಇಲ್ಲವಾ?"

"ಇಲ್ಲ."

ಉಮೇಶನಿಗೆ ಎರಡು ವರ್ಷ ಶಿಕ್ಷೆಯಾಯಿತು. ಕೋರ್ಟಿನ ಮೆಟ್ಟಿಲ ಹತ್ತಿರ ಲಲಿತ ನನ್ನ ಅಂಗಿಯ ಕಾಲರ್ ಹಿಡಿದಳು. ಪೊಲೀಸಿನವರು ಬಿಡಿಸುವಷ್ಟರಲ್ಲಿ ಕೆನ್ನೆಗೆ ಎರಡು ಬಿದ್ದಿತ್ತು. ಏಟಿಗಿಂತ ಅವಳ ಮಾತು ಉಳಿದಿದೆ. "ಓದಿದವರು ಅಂತ ಜಡ್ಜ್ ನಿಮ್ಮ ಮಾತು ನಂಬಿದ್ರು. ನಾನೂ ಅಲ್ಲೇ ಇದ್ದೆನಲ್ಲ, ನನ್ನ ಕಿವಿ ಎಂತ ಕಿವುಡಾ? ಅದು ಕೂಗ್ತಾನೇ ಇತ್ತು. ಅವರು ಕಡೀತಾನೇ ಇದ್ರು."

ಗಂಡನ ಪರ ಹೇಳುತ್ತಾಳೆ ಎಂದುಕೊಂಡು ಮನೆಗೆ ಬಂದೆ. ಆದರೆ "ಕೂಗ್ತಾನೇ ಇತ್ತು" ಎಂಬ ಮಾತು ಬಿಡಲಿಲ್ಲ. ಮೀಟರ್ ಸಿಕ್ಕಿದ ಮೇಲೆ ಬಿಚ್ಚುವವರೆಗೂ ಕೂಗುತ್ತದೆ. ಹಾಗಾದರೆ ಮರ ಬಿದ್ದಾಗ ಕೂಗು ಕೇಳಿತು ಎಂದರೆ ಆಗಲೇ ಶುರುವಾಯಿತು ಎಂದು ಹೇಗೆ ಹೇಳುವುದು? ಅಂಗಡಿಯಲ್ಲಿ ಕೂತು, ಕಾಲೇಜಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದ ಲೆಕ್ಕವನ್ನು ಹಾಳೆಯ ಮೇಲೆ ಬರೆದೆ. ಆ ಉಪಗ್ರಹ ನಮಗೆ ಆಗ್ನೇಯದಲ್ಲಿ, ನೆಲದಿಂದ ಸುಮಾರು ಅರವತ್ನಾಲ್ಕು ಡಿಗ್ರಿ ಎತ್ತರದಲ್ಲಿದೆ. ಡಿಶ್ಶಿನ ಮುಖ ನೇರ ಎದುರಿನ ಮರವನ್ನು ನೋಡಿದಂತೆ ಕಂಡರೂ ಅದರ ದೃಷ್ಟಿ ಹೋಗುವುದು ಎಷ್ಟೋ ಮೇಲಕ್ಕೆ. ಮೂವತ್ತು ಅಡಿ ದೂರದ ಮರ ಅಡ್ಡ ಬರಬೇಕಾದರೆ ಅದು ಡಿಶ್ಶಿಗಿಂತ ಅರವತ್ತು ಅಡಿ ಎತ್ತರ ಇರಬೇಕು. ಪೊಲೀಸರು ಬಿದ್ದ ಮರವನ್ನು ಅಳೆದಿದ್ದರು, ನೆಲದಿಂದ ಮೂವತ್ತೇಳು ಅಡಿ. ಡಿಶ್ಶು ಕೂತದ್ದೇ ಹನ್ನೆರಡು ಅಡಿ ಮೇಲೆ. ಈ ಲೆಕ್ಕ ನನಗೆ ಆ ದಿನವೂ ಗೊತ್ತಿತ್ತು. ಮಾಡಲಿಲ್ಲ ಅಷ್ಟೆ.

ಮರ ಯಾವತ್ತೂ ಅಡ್ಡ ಇರಲಿಲ್ಲವೆಂದರೆ, ಸಿಗ್ನಲ್ ಬಂದದ್ದು ತಾಮ್ರದ ಎಳೆ ಸರಿಯಾದ ಗಳಿಗೆಯಲ್ಲಿ. ಆಗ ಮರದ ಬುಡಕ್ಕೆ ಎಷ್ಟು ಏಟು ಬಿದ್ದಿತ್ತು? ನಾನು ಯಾಕೆ "ಬಂತು, ನಿಲ್ಲಿಸಿ" ಎನ್ನಲಿಲ್ಲ? ಅಂದೆನೇ? ಅಥವಾ ಮರ ಅಡ್ಡವೆಂದು ಈಗಷ್ಟೇ ಹೇಳಿದವನು, ಮರ ನಿಂತಿರುವಾಗಲೇ ಸಿಗ್ನಲ್ ಬಂತೆಂದು ಒಪ್ಪಿಕೊಳ್ಳಲು ನಾಚಿ, ಅದು ಬೀಳುವವರೆಗೆ ಕಾದೆನೇ? ಆಮೇಲೆ ನನಗೆ ಒಪ್ಪುವ ಹಾಗೆ ನೆನಪು ತಾನೇ ಕ್ರಮ ಬದಲಿಸಿಕೊಂಡಿತೇ? ಹುಡುಕಿದಷ್ಟೂ ಹೊಸ ನೆನಪು ಹುಟ್ಟಿಕೊಳ್ಳುತ್ತದೆ, ಒಂದನ್ನೂ ನಂಬಲಾಗುವುದಿಲ್ಲ.

ಈಗಲೂ ತಾರಸಿ ಹತ್ತುತ್ತೇನೆ. ಸಿಗ್ನಲ್ ಸಿಗದಿದ್ದರೆ "ಯಾಕೆ ಅಂತ ನನಗೆ ಗೊತ್ತಾಗ್ತಿಲ್ಲ" ಎಂದು ಕೆಳಗೆ ನಿಂತವರಿಗೆ ಕೂಗಿ ಹೇಳುತ್ತೇನೆ. ಕೆಲವರು ನಗುತ್ತಾರೆ, ಕಮ್ಮರಡಿಯಲ್ಲಿ ಒಬ್ಬರು ಬೇರೆಯವರನ್ನು ಕರೆಸಿಕೊಂಡರು. ವಿಶ್ವವಿದ್ಯಾಲಯ ಕಲಿಸದೆ ಹೋದದ್ದು, ಈ ಕಸುಬು ಕಲಿಸಿದ್ದು ಆ ಒಂದು ವಾಕ್ಯ. ಕಲಿತದ್ದು ನಾನು, ಅದಕ್ಕೆ ತೆತ್ತವರು ಬೇರೆಯವರು.

ಉಮೇಶನ ಮೇಲ್ಮನವಿ ಇನ್ನೂ ನಡೆಯುತ್ತಿದೆ, ಜಾಮೀನಿನ ಮೇಲಿದ್ದಾನೆ. ಹೋದ ತಿಂಗಳು ಅವನ ವಕೀಲರ ಬಳಿ ಹೋಗಿ ಒಂದು ಮೆಮೊರಿ ಕಾರ್ಡ್ ಕೊಟ್ಟು, ಮತ್ತೆ ಸಾಕ್ಷಿ ಹೇಳಲು ಸಿದ್ಧನೆಂದು ಬರೆದುಕೊಟ್ಟೆ. ಹಿಂದೆ ಹೇಳಿದ್ದು ತಪ್ಪೆಂದು ಒಪ್ಪಿದರೆ ನಿಮಗೇ ತೊಂದರೆಯಾಗಬಹುದು ಎಂದು ಅವರು ಎಚ್ಚರಿಸಿದರು. ಆಗಲಿ ಎಂದೆ. ಆ ಕಾರ್ಡು ಅಂದು ಒಡೆದ ಫೋನಿನದು. ಕೆಲಸ ಮುಗಿದಿರಲಿಲ್ಲ, ಆದ್ದರಿಂದ ಫೋಟೊ ತೆಗೆದಿರಲಾರೆ ಎಂದು ಇಷ್ಟು ವರ್ಷ ಡ್ರಾಯರಿನಲ್ಲಿ ಬಿಟ್ಟಿದ್ದೆ. ಕೊನೆಗೊಮ್ಮೆ, ವಕೀಲರ ಬಳಿ ಹೋಗುವ ಮೊದಲು, ಬೇರೆ ಫೋನಿಗೆ ಹಾಕಿ ನೋಡಿದೆ. ಆ ದಿನದ್ದು ಒಂದೇ ಫೋಟೊ ಇದೆ. ನನ್ನ ಹೆಬ್ಬೆರಳು, ಮೀಟರ್, ಹತ್ತರಲ್ಲಿ ಎಂಟರ ಮೇಲೆ ನಿಂತ ಮುಳ್ಳು. ಅದರ ಹಿಂದೆ, ತಾರಸಿಯ ಅಂಚಿನ ಆಚೆ, ಮಿಡಿಯ ಗೊಂಚಲುಗಳ ಸಮೇತ ಆ ಮಾವಿನ ಮರ ನೆಟ್ಟಗೆ ನಿಂತಿದೆ.